ಶಾಲಾ ಬ್ಯಾಂಡಿನಲ್ಲಿ ಒಂದಕ್ಕಿಂತ ಹೆಚ್ಚು ವಾದ್ಯ: ಮಕ್ಕಳಿಗೂ ಪೋಷಕರಿಗೂ ಕೆಲವು ಮಾತು

(ಶ್ರೀರಾಂಪುರದಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಡಿದ ಮಾತುಗಳನ್ನು ಓದುಗರಿಗಾಗಿ ಬರೆದುಕೊಟ್ಟದ್ದು)



ವಿದ್ಯಾರ್ಥಿವೇತನ ಹಂಚುವ ಸಭೆಗೆ ಡಾಕ್ಟರನ್ನೋ ಎಂಜಿನಿಯರನ್ನೋ ಕರೆಯುವುದು ವಾಡಿಕೆ. ಈ ಸಲ ಒಬ್ಬ ಬ್ಯಾಂಡ್ ಮಾಸ್ತರನನ್ನು ಕರೆದಿದ್ದೀರಿ. ಕರೆದವರಿಗೆ ಧೈರ್ಯ ಹೆಚ್ಚೆಂದೇ ಹೇಳಬೇಕು. ನನಗೆ ಭಾಷಣದ ಅಭ್ಯಾಸವಿಲ್ಲ. ಊದುವುದು ಗೊತ್ತು, ಬಾರಿಸುವುದು ಗೊತ್ತು, ಮಕ್ಕಳನ್ನು ಗದರಿಸುವುದು ಗೊತ್ತು. ಆದ್ದರಿಂದ ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಮಾತಾಡುತ್ತೇನೆ.

ಆ ಪ್ರಶ್ನೆ ನನ್ನದಲ್ಲ. ನಮ್ಮ ಬ್ಯಾಂಡಿನಲ್ಲಿ ಕಲಿಯುತ್ತಿರುವ ಒಂಬತ್ತನೇ ತರಗತಿಯ ಹುಡುಗನೊಬ್ಬನ ತಾಯಿ ಒಂದು ಸಂಜೆ ಬಂದು ಕೇಳಿದ್ದು. "ಮೇಷ್ಟ್ರೇ, ನನ್ನ ಮಗ ಹೋದ ವರ್ಷ ಕ್ಲಾರಿನೆಟ್ ಅಂದ. ಈಗ ಸ್ಯಾಕ್ಸೋಫೋನ್ ಅಂತಾನೆ. ಮುಂದಿನ ವರ್ಷ ಇನ್ನೇನು ಅಂತಾನೋ. ಹೀಗೆ ನಾಲ್ಕಕ್ಕೆ ಕೈ ಹಾಕಿದರೆ ಒಂದಾದರೂ ನೆಟ್ಟಗೆ ಬರುತ್ತಾ? ಓದಿನ ಕಥೆ ಏನು?"

ನಾನು ಆಗ ಏನೋ ಹೇಳಿ ಕಳಿಸಿದೆ. ಆದರೆ ಆ ಹೆಣ್ಣುಮಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಅದೇ ಪ್ರಶ್ನೆ ನಮ್ಮ ಮನೆಯಲ್ಲೂ ಒಮ್ಮೆ ಬಂದಿತ್ತು.

ನಾನು ಹುಟ್ಟಿ ಬೆಳೆದದ್ದು ಇದೇ ಶ್ರೀರಾಂಪುರದಲ್ಲಿ. ಈಗ ನಿಮ್ಮ ತಲೆಯ ಮೇಲೆ ಮೆಟ್ರೋ ಓಡುತ್ತದೆ. 2014ರಲ್ಲಿ ನಮ್ಮ ಹೆಸರಿನ ನಿಲ್ದಾಣವೂ ಬಂತು. ನಾನು ಹುಡುಗನಾಗಿದ್ದಾಗ ಇಲ್ಲಿನ ಗಡಿಯಾರ ಮಿಲ್ಲಿನ ಸೈರನ್. ಓಣಿಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಎಲ್ಲವೂ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತಿದ್ದವು. ಸಂಗೀತಕ್ಕಂತೂ ಬರವಿರಲಿಲ್ಲ. ಒಂದು ಕಡೆ ತಮಟೆ, ಒಂದು ಕಡೆ ಓಲಗ, ಇನ್ನೊಂದು ಕಡೆ ಬ್ಯಾಂಡ್ ಸೆಟ್. ನಮ್ಮ ಅಬ್ಬಾ ಆ ಬ್ಯಾಂಡ್ ಸೆಟ್ಟಿನ ಮುಂದಿನ ಸಾಲಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಎಲ್ಲ ಜಾತಿ, ಎಲ್ಲ ಧರ್ಮದವರ ಮದುವೆಗೂ ಅದೇ ಬ್ಯಾಂಡು, ಅದೇ ಕೆಂಪು ಕೋಟು. ಆಷಾಢ ಬಂದರೆ ಹಿಂದೂಗಳ ಮದುವೆ ಇಲ್ಲ, ರಂಜಾನ್ ಬಂದರೆ ನಮ್ಮವರ ಮದುವೆ ಇಲ್ಲ. ಎರಡೂ ಹತ್ತಿರ ಹತ್ತಿರ ಬಿದ್ದ ವರ್ಷ ನಮ್ಮ ಮನೆಯಲ್ಲಿ ಅಕ್ಕಿಗೂ ಕಷ್ಟ.

ಅಬ್ಬಾ ನನಗೆ ಕ್ಲಾರಿನೆಟ್ ಮುಟ್ಟಲು ಬಿಡುತ್ತಿರಲಿಲ್ಲ. "ಈ ಕೆಲಸ ನನ್ನ ಜೊತೆಗೇ ಮುಗಿಯಲಿ. ನೀನು ಓದು, ಎಸ್ಸೆಸ್ಸೆಲ್ಸಿ ಪಾಸಾಗು, ಯಾವುದಾದರೂ ಆಫೀಸಿಗೆ ಸೇರು" ಎನ್ನುತ್ತಿದ್ದರು. ಶಾಲೆಯ ಬ್ಯಾಂಡಿನಲ್ಲಿ ನನಗೆ ಸೈಡ್ ಡ್ರಮ್ ಸಿಕ್ಕಿತು; ಅದು ಪರೇಡಿಗೆ ಬೇಕಾದದ್ದು, ಶಿಸ್ತಿನ ಪಾಠ ಎಂದು ಅವರು ಸುಮ್ಮನಿದ್ದರು.

ಒಂದು ದಿನ ಅವರು ಸೈಕಲ್ಲಿನಿಂದ ಬಿದ್ದು ಮೇಲಿನ ಎರಡು ಮುಂಭಾಗದ ಹಲ್ಲು ಕಳೆದುಕೊಂಡರು. ಬೇರೆ ಕೆಲಸದವರಿಗೆ ಅದು ಎರಡು ಹಲ್ಲು, ಅಷ್ಟೆ. ಕ್ಲಾರಿನೆಟ್ ನುಡಿಸುವವನಿಗೆ ಅದು ಅನ್ನ. ಆ ವಾದ್ಯದ ಮೌತ್‌ಪೀಸಿನ ಮೇಲೆ ಮೇಲಿನ ಹಲ್ಲು ಕೂರಬೇಕು, ಕೆಳತುಟಿ ಕೆಳಹಲ್ಲಿನ ಮೇಲೆ ಮಡಚಿ ರೀಡಿಗೆ ಮೆತ್ತೆಯಾಗಬೇಕು. ಹಲ್ಲಿಲ್ಲದಿದ್ದರೆ ಹಿಡಿತವಿಲ್ಲ, ಹಿಡಿತವಿಲ್ಲದಿದ್ದರೆ ಸ್ವರ ನಿಲ್ಲುವುದಿಲ್ಲ. ಮದುವೆ ಸೀಸನ್ ಶುರುವಾಗಲು ಮೂರು ವಾರವಿತ್ತು. ನಮ್ಮ ಅಮ್ಮಿ ಅಳುತ್ತಾ ಕುಳಿತಿದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ಅಬ್ಬಾ ಆ ಸೀಸನ್ನಿಗೆ ಕೆಲಸಕ್ಕೆ ಹೋದರು. ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ನಡೆದರು. ಹುಡುಗನಾಗಿದ್ದಾಗ ಅವರು ಮೊದಲು ಕಲಿತದ್ದು ಅದನ್ನೇ ಎಂದು ನನಗೆ ಅಂದೇ ಗೊತ್ತಾದದ್ದು. ಕೂಲಿ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಹಳೆಯ ಕ್ಲಾರಿನೆಟ್ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಎರಡು ತಿಂಗಳ ನಂತರ ಒಂದು ರಾತ್ರಿ ಅವರೇ ಅದನ್ನು ತೆಗೆದು ನನ್ನ ಕೈಗಿಟ್ಟರು. ಮಾತಾಡಲಿಲ್ಲ. ನನ್ನ ಕೆಳತುಟಿಯನ್ನು ಬೆರಳಿನಿಂದ ಒತ್ತಿ ಹೇಗೆ ಮಡಚಬೇಕೆಂದು ತೋರಿಸಿದರು.

ಹಾಗಾಗಿ ಎರಡನೆಯ ವಾದ್ಯವನ್ನು ಕೇವಲ ಶೋಕಿ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಆದರೆ ಅದರ ಇನ್ನೊಂದು ಮುಖವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ, ಅದರಲ್ಲಿ ನನ್ನ ತಪ್ಪೂ ಸೇರಿದೆ.

ಮೊದಲು ಜಾಜ್ ಎಂದರೇನು ಎಂಬುದನ್ನು ತಿಳಿಯದವರಿಗಾಗಿ ಎರಡು ಮಾತು. ಅಮೆರಿಕದ ಕಪ್ಪು ಜನ ಗುಲಾಮಗಿರಿಯ ನೋವಿನಿಂದ ಹೊರಬಂದ ನಂತರದ ದಶಕಗಳಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಮೆರವಣಿಗೆಯ ಬ್ಯಾಂಡು, ಚರ್ಚಿನ ಹಾಡು, ಕೂಲಿಯವರ ಹಾಡು ಎಲ್ಲ ಸೇರಿ ಹುಟ್ಟಿದ ಸಂಗೀತ ಅದು. ಅಂದರೆ ಅದರ ಅಜ್ಜನೂ ಒಂದು ಬ್ಯಾಂಡ್ ಸೆಟ್ಟೇ. ಮದುವೆಯ ಬದಲು ಶವಯಾತ್ರೆಗೆ ನುಡಿಸುತ್ತಿದ್ದರು, ಅಷ್ಟೇ ವ್ಯತ್ಯಾಸ. ಎಲ್ಲರೂ ಸೇರಿ ಒಂದು ಹಾಡನ್ನು ನುಡಿಸುತ್ತಾರೆ. ನಂತರ ಒಬ್ಬೊಬ್ಬರೇ ಎದ್ದು, ಆ ಹಾಡಿನ ಲೆಕ್ಕವನ್ನು ಬಿಡದೆ, ತಮಗೆ ತೋಚಿದ್ದನ್ನು ಅಲ್ಲೇ ಕಟ್ಟಿ ನುಡಿಸುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಸೇರುತ್ತಾರೆ. ಕರ್ನಾಟಕ ಸಂಗೀತದ ಮನೋಧರ್ಮ, ಕವ್ವಾಲಿಯ ಸವಾಲ್ ಜವಾಬ್ ಕೇಳಿದವರಿಗೆ ಇದು ಅರ್ಥವಾಗಲು ಹೊತ್ತು ಬೇಕಿಲ್ಲ. ಬ್ಲೂಸ್ ಎಂಬ ಬಗೆಯಲ್ಲಿ 12 ಬಾರಿನ ಒಂದು ಸುತ್ತು, ಮೂರೇ ಮೂರು ಕಾರ್ಡ್. ಎಂಟನೇ ತರಗತಿಯ ಮಗು ಒಂದು ತಿಂಗಳಲ್ಲಿ ಆ ಸುತ್ತನ್ನು ಹಿಡಿಯುತ್ತದೆ. ಅದರೊಳಗೆ ಹೊಸದನ್ನು ಹೇಳುವುದಕ್ಕೆ ಮಾತ್ರ ಜೀವಮಾನ ಸಾಲದು.

ಜಾಜಿನ ದೊಡ್ಡ ತಂಡದಲ್ಲಿ ಸಾಮಾನ್ಯವಾಗಿ ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಜೊತೆಗೆ ಪಿಯಾನೊ, ಗಿಟಾರ್, ದೊಡ್ಡ ಬಾಸ್, ಡ್ರಮ್ಸ್ ಇರುತ್ತವೆ. ಸ್ಯಾಕ್ಸೋಫೋನಿನ ಐವರು ಅದೊಂದನ್ನೇ ನುಡಿಸಿದರೆ ಸಾಲದು. ಹಾಡು ಮೆತ್ತಗಾದಾಗ ಅವರೇ ಕ್ಲಾರಿನೆಟ್ ಎತ್ತಿಕೊಳ್ಳಬೇಕು, ಕೆಲವೊಮ್ಮೆ ಕೊಳಲನ್ನೂ. ಇದಕ್ಕೆ ಅವರಲ್ಲಿ ಡಬ್ಲಿಂಗ್ ಎನ್ನುತ್ತಾರೆ. ಡ್ಯೂಕ್ ಎಲಿಂಗ್ಟನ್ ಅವರ ಪ್ರಸಿದ್ಧ ತಂಡಕ್ಕೆ ಹ್ಯಾರಿ ಕಾರ್ನಿ ಎಂಬಾತ 1927ರಲ್ಲಿ ಸೇರಿದಾಗ ಆತನಿಗೆ 17 ವರ್ಷ, ನಮ್ಮ ಪಿಯುಸಿ ಮಕ್ಕಳ ವಯಸ್ಸು. 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಅದೇ ತಂಡದಲ್ಲಿದ್ದ. ಆತನ ಕುರ್ಚಿ ಬ್ಯಾರಿಟೋನ್ ಸ್ಯಾಕ್ಸೋಫೋನಿನದು. ಆದರೆ ಕ್ಲಾರಿನೆಟ್ ಮತ್ತು ಬಾಸ್ ಕ್ಲಾರಿನೆಟ್ ಕೂಡ ಪಕ್ಕದಲ್ಲೇ ಇರುತ್ತಿದ್ದವು. ಈ "ಕುರ್ಚಿ" ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಜಾಜ್ ಬ್ಯಾಂಡ್ ಎಂಬುದು ಕ್ರಿಕೆಟ್ ಟೀಮಿನಷ್ಟೇ ಸಾಮಾನ್ಯ. ನಮ್ಮ ಬಂಧುಗಳ ಮಗನೊಬ್ಬ ನ್ಯೂಜೆರ್ಸಿಯಲ್ಲಿ ಓದುತ್ತಿದ್ದಾಗ ಆಲ್ಟೋ ಸ್ಯಾಕ್ಸೋಫೋನ್, ಕ್ಲಾರಿನೆಟ್, ಕೊಳಲು ಮೂರನ್ನೂ ನುಡಿಸಬೇಕಾಗಿತ್ತು. ಅವನ ಶಾಲೆಯಲ್ಲಿ ಮೂರೂ ಇದ್ದವು, ಬಾಡಿಗೆಗೂ ಸಿಗುತ್ತಿದ್ದವು. ನಮ್ಮಲ್ಲಿ ಕಥೆ ಬೇರೆ. ನಾವು ಹನ್ನೊಂದು ಮಕ್ಕಳನ್ನು ಸೇರಿಸಿ ಜಾಜ್ ನುಡಿಸಲು ಹೊರಟಾಗ ಇದ್ದದ್ದು ಎರಡು ಕ್ಲಾರಿನೆಟ್, ಒಂದು ಆಲ್ಟೋ ಸ್ಯಾಕ್ಸೋಫೋನ್, ಒಂದು ಟ್ರಂಪೆಟ್, ಟ್ರಾಂಬೋನಿನ ಬದಲಿಗೆ ಒಂದು ಯುಫೋನಿಯಂ, ಒಂದು ಕೀಬೋರ್ಡ್, ಒಂದು ಡ್ರಮ್ ಸೆಟ್. ಎಣಿಸಿ ನೋಡಿ: ಏಳು ವಾದ್ಯ, ಹನ್ನೊಂದು ಮಕ್ಕಳು. ಅವರ ಮಕ್ಕಳು ಎರಡು ವಾದ್ಯ ಕಲಿಯುವುದು ತಂಡಕ್ಕೆ ಹೆಚ್ಚು ಬಣ್ಣ ಬರಲೆಂದು. ನಮ್ಮ ಮಕ್ಕಳು ಎರಡು ಕಲಿಯುವುದು ಒಂದೇ ಸ್ಯಾಕ್ಸೋಫೋನಿಗೆ ಇಬ್ಬರು ಕಾಯುತ್ತಿರುವುದರಿಂದ. ಒಬ್ಬಳು ಅದನ್ನು ನುಡಿಸುವಾಗ ಇನ್ನೊಬ್ಬ ಸುಮ್ಮನೆ ಗೋಡೆಗೆ ಒರಗಬಾರದಲ್ಲ, ಅವನ ಕೈಗೆ ಇನ್ನೇನಾದರೂ ಕೊಡಬೇಕು.

ಇದೆಲ್ಲ ಹೊರದೇಶದ ಮಾತಾಯಿತು ಎನ್ನಬೇಡಿ. ನಮ್ಮ ಊರಿನಲ್ಲೇ, ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. ಅವರ ಪತ್ನಿ ಆರ್.ಎ. ರಮಾಮಣಿ ಹಾಡುಗಾರ್ತಿ. ಬಾಸ್ಟನ್‌ನಲ್ಲಿ ಹುಟ್ಟಿದ ಚಾರ್ಲಿ ಮೇರಿಯಾನೊ ಎಂಬ ಆಲ್ಟೋ ಸ್ಯಾಕ್ಸೋಫೋನ್ ವಾದಕ ಈ ತಂಡದ ಜೊತೆ ಸೇರಿ ನುಡಿಸಿದರು; 1983ರಲ್ಲಿ ಮುದ್ರಣವಾದ "ಜ್ಯೋತಿ" ಎಂಬ ಧ್ವನಿಮುದ್ರಿಕೆ ಇಂದಿಗೂ ಸಿಗುತ್ತದೆ. ಈ ಮೇರಿಯಾನೊ ಚಿಕ್ಕ ಹೆಸರಲ್ಲ, ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಮುದ್ರಿಕೆಯಲ್ಲಿ ಆಲ್ಟೋ ನುಡಿಸಿದವರು. ಅಷ್ಟು ಹೆಸರಾದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಅವರು ನಮ್ಮ ನಾಗಸ್ವರವನ್ನು ಕಲಿಯಲು ಕುಳಿತರು. ಮೊದಲು ಮಲೇಷ್ಯಾದಲ್ಲಿ ಅದನ್ನು ಕೇಳಿ ಮರುಳಾದರು, ಆಮೇಲೆ ದಕ್ಷಿಣ ಭಾರತಕ್ಕೇ ಬಂದು ಕಲಿತರು. ಸ್ಯಾಕ್ಸೋಫೋನ್, ಕೊಳಲು, ನಾಗಸ್ವರ ಮೂರೂ ಅವರ ಬಳಿ ಇದ್ದವು. ಅವರು 2009ರಲ್ಲಿ, ಮಣಿ ಅವರು 2020ರಲ್ಲಿ ತೀರಿಕೊಂಡರು.

ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದವರು ನಮ್ಮ ಕದ್ರಿ ಗೋಪಾಲನಾಥ್. ಬಂಟ್ವಾಳದ ಕಡೆಯ ಸಜಿಪದವರು, ತಂದೆ ನಾಗಸ್ವರ ವಾದಕರು, ಮಗನೂ ಮೊದಲು ಕಲಿತದ್ದು ಅದನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅಲ್ಲಿಗೆ ಹೋಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಗುಂಡಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ ಬರುವುದಿಲ್ಲ ಎಂದು ಹೇಳಿದವರು ಬಹಳ ಮಂದಿ. ಅವರು ವರ್ಷಗಟ್ಟಲೆ ತುಟಿ, ಉಸಿರು, ಬೆರಳು ಮೂರನ್ನೂ ಪಳಗಿಸಿ, ವಾದ್ಯದಲ್ಲೇ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡು ಅದನ್ನು ಬರಿಸಿದರು. 1980ರ ಬೊಂಬಾಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ಆಹ್ವಾನಿತರಾದರು, 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರಿನಲ್ಲಿ ಅವರು ಹೋದ ದಿನ ನಮ್ಮ ಬ್ಯಾಂಡಿನ ಮಕ್ಕಳು ಅಭ್ಯಾಸ ನಿಲ್ಲಿಸಿ ಅವರ ಮುದ್ರಿಕೆ ಕೇಳಿದೆವು. ಸ್ಯಾಕ್ಸೋಫೋನಿನಲ್ಲಿ ಅವರು ಏನು ಹುಡುಕುತ್ತಿದ್ದರು ಎಂಬುದು ನಾಗಸ್ವರ ಕೇಳಿದವರಿಗೆ ಮಾತ್ರ ಪೂರ್ತಿ ತಿಳಿಯುತ್ತದೆ. ಮೊದಲ ವಾದ್ಯ ಎರಡನೆಯದರ ಒಳಗೆ ಕುಳಿತು ಹಾಡುತ್ತಿರುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಪಿಯಾನೊ, ಸ್ಯಾಕ್ಸೋಫೋನ್ ಮೊದಲಾಗಿ ಹಲವು ವಾದ್ಯ ಬಲ್ಲವರಾಗಿದ್ದರು ಎಂದು ಓದಿದ್ದೇವೆ. ಆದರೆ ಮಕ್ಕಳಿಗೆ ರಾಜರ ಉದಾಹರಣೆ ಕೊಡಲು ನನಗೆ ಹಿಂಜರಿಕೆ. ಅವರು ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿಯಬೇಕಿರಲಿಲ್ಲ. ನಮಗೆ ಹತ್ತಿರದ ಉದಾಹರಣೆ ಮನೋಹಾರಿ ಸಿಂಗ್. ಕಲ್ಕತ್ತಾ ಬಳಿಯ ಬಾಟಾ ಚಪ್ಪಲಿ ಕಾರ್ಖಾನೆಯ ಬ್ಯಾಂಡಿನಲ್ಲಿ ಬೆಳೆದ ಹುಡುಗ. ಮುಂದೆ ಬೊಂಬಾಯಿಗೆ ಹೋಗಿ ಆರ್.ಡಿ. ಬರ್ಮನ್ ಅವರ ಬಲಗೈಯಾದರು. ಸ್ಯಾಕ್ಸೋಫೋನ್ ಅವರ ಹೆಸರು, ಆದರೆ ಕೊಳಲು, ಕ್ಲಾರಿನೆಟ್, ಮ್ಯಾಂಡೊಲಿನ್ ಕೂಡ ಅವರ ಕೈಯಲ್ಲಿದ್ದವು. ನಿಮ್ಮ ಅಪ್ಪ ಅಮ್ಮ ಗುನುಗುವ ಹಳೆಯ ಹಿಂದಿ ಹಾಡುಗಳಲ್ಲಿ ಅವರ ಉಸಿರಿದೆ.

ಈಗ ಒಂದು ಸೂಕ್ಷ್ಮ ವಿಷಯ. ಸಂಗೀತ ನಮಗೆ ಸರಿಯೇ ಎಂದು ಕೆಲವು ಹಿರಿಯರು ನನ್ನನ್ನು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ಇಲ್ಮು ನನಗಿಲ್ಲ, ಬಲ್ಲವರನ್ನು ಕೇಳಿ. ನನಗೆ ಗೊತ್ತಿರುವ ಒಬ್ಬ ಮನುಷ್ಯನ ಕಥೆ ಮಾತ್ರ ಹೇಳುತ್ತೇನೆ. ಯೂಸುಫ್ ಲತೀಫ್, 1920ರಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದ ಕಪ್ಪು ಅಮೆರಿಕನ್. ಹೈಸ್ಕೂಲು ಮುಗಿಸುವ ವಯಸ್ಸಿನಲ್ಲಿ ಸ್ಯಾಕ್ಸೋಫೋನ್ ಹಿಡಿದರು, ಮೂವತ್ತರ ಸುಮಾರಿಗೆ ಇಸ್ಲಾಂ ಸ್ವೀಕರಿಸಿದರು. ಟೆನರ್ ಸ್ಯಾಕ್ಸೋಫೋನ್ ಮುಖ್ಯ. ಅದರ ಜೊತೆ ಕೊಳಲು, ಓಬೋ, ಬಸೂನ್, ನಮ್ಮ ಶಹನಾಯಿ, ಚೀನಾದ ಮಣ್ಣಿನ ಊದುವಾದ್ಯ, ತಾವೇ ಮಾಡಿಕೊಂಡ ಬಿದಿರಿನ ಕೊಳಲುಗಳು. 1987ರ "ಲಿಟಲ್ ಸಿಂಫನಿ" ಮುದ್ರಿಕೆಯಲ್ಲಿ ಎಲ್ಲ ವಾದ್ಯಗಳನ್ನೂ ಅವರೊಬ್ಬರೇ ನುಡಿಸಿದರು, ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಮದ್ಯ ಮಾರುವ ಜಾಗದಲ್ಲಿ ಇನ್ನು ನುಡಿಸುವುದಿಲ್ಲ ಎಂದು 1980ರಲ್ಲಿ ಘೋಷಿಸಿದರು. ಜಾಜ್ ವಾದಕನಿಗೆ ಅದು ಅಂಗಡಿಯ ಬಾಗಿಲು ತಾನೇ ಮುಚ್ಚಿದಂತೆ, ಏಕೆಂದರೆ ಅಲ್ಲಿ ಕಚೇರಿ ನಡೆಯುವುದೇ ಅಂಥ ಕಡೆ. ಅವರು ಮುಚ್ಚಿದರು, ಪಾಠ ಹೇಳಿ ಬದುಕಿದರು. ಶಿಕ್ಷಣದ ಮಾತು ಬಂತಲ್ಲ, ಇದನ್ನೂ ಕೇಳಿ: 55ನೇ ವಯಸ್ಸಿನ ಹೊತ್ತಿಗೆ, 1975ರಲ್ಲಿ, ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಿಂದ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಪಾಶ್ಚಾತ್ಯ ಮತ್ತು ಇಸ್ಲಾಮೀ ಶಿಕ್ಷಣ. 2013ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನ ಬಳಿ ಬಂದ. ಆಟೋ ಓಡಿಸುವವರ ಮಗ. ಕಿವಿ ಅಂದರೆ ಕಿವಿ, ಒಮ್ಮೆ ಕೇಳಿದ್ದನ್ನು ಮರಳಿ ನುಡಿಸುತ್ತಿದ್ದ. ಟ್ರಂಪೆಟ್ ಕೊಟ್ಟೆ. ಮೂರು ತಿಂಗಳಲ್ಲಿ ಸ್ವರ ಬಂತು. ಅಷ್ಟರಲ್ಲಿ ಯುಫೋನಿಯಂ ಹುಡುಗನಿಗೆ ಪರೀಕ್ಷೆ ಬಂತು, ಇವನನ್ನು ಅಲ್ಲಿ ಕೂರಿಸಿದೆ. ಡ್ರಮ್ಸ್ ಹುಡುಗ ಊರು ಬಿಟ್ಟ, ಇವನನ್ನು ಅಲ್ಲಿಗೆ ಕಳಿಸಿದೆ. ಕೀಬೋರ್ಡಿಗೆ ಯಾರೂ ಇಲ್ಲ, ಸರಿ, ಇವನೇ. ವಾರ್ಷಿಕೋತ್ಸವದ ದಿನ ಅವನು ಒಂದೊಂದು ಹಾಡಿಗೆ ಒಂದೊಂದು ವಾದ್ಯದ ಕಡೆ ಓಡುತ್ತಿದ್ದ. ಸಭೆ ಚಪ್ಪಾಳೆ ತಟ್ಟಿತು. ನಾನು ಮೈಕಿನಲ್ಲಿ "ಇವನು ನಮ್ಮ ಬ್ಯಾಂಡಿನ ಆಲ್ ರೌಂಡರ್" ಎಂದು ಹೇಳಿ ಬೀಗಿದೆ.

ಹತ್ತನೇ ತರಗತಿ ಮುಗಿಸಿ ಅವನು ಒಂದು ಕಡೆ ಆಯ್ಕೆಗೆ ಹೋದ. ಅಲ್ಲಿ ಕೇಳಿದ್ದು ಸರಳ: ನಿನ್ನ ವಾದ್ಯ ಯಾವುದು, ಅದರಲ್ಲಿ ಎರಡು ಸ್ಥಾಯಿಯ ಸ್ಕೇಲುಗಳನ್ನು ನುಡಿಸು, ಎದುರಿಗಿಟ್ಟ ನೊಟೇಶನ್ ಓದು. ನಾಲ್ಕು ವಾದ್ಯ ನುಡಿಸುವ ಹುಡುಗನಿಗೆ ಒಂದರಲ್ಲೂ ಎರಡು ಸ್ಥಾಯಿ ಶುದ್ಧವಾಗಿ ಬರಲಿಲ್ಲ. ನೊಟೇಶನ್ ಓದುವುದಂತೂ ಕಲಿತೇ ಇರಲಿಲ್ಲ, ಏಕೆಂದರೆ ಕಿವಿಯಿಂದಲೇ ಎಲ್ಲ ನಡೆಯುತ್ತಿತ್ತು, ನಾನೂ ನಡೆಸಿಕೊಂಡೆ. ವಾಪಸ್ ಬಂದವನು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಸರ್, ನಿಮ್ಮ ಬ್ಯಾಂಡಿನಲ್ಲಿ ನನ್ನ ಕುರ್ಚಿ ಯಾವುದಾಗಿತ್ತು?" ಎಂದು ಕೇಳಿದ.

ನನ್ನ ಬಳಿ ಉತ್ತರವಿರಲಿಲ್ಲ. ಬ್ಯಾಂಡಿನ ತೂತುಗಳನ್ನು ಮುಚ್ಚಲು ನಾನು ಒಬ್ಬ ಮಗುವನ್ನು ಬಳಸಿಕೊಂಡಿದ್ದೆ. ಅವನು ಈಗ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಎರಡು ವರ್ಷದ ನಂತರ ಸ್ವಂತ ದುಡ್ಡಿನಲ್ಲಿ ಹಳೆಯ ಟ್ರಂಪೆಟ್ ಒಂದನ್ನು ಕೊಂಡ. ಸೀಸನ್ನಿನಲ್ಲಿ ಬ್ಯಾಂಡ್ ಸೆಟ್ಟಿನ ಜೊತೆ ಹೋಗುತ್ತಾನೆ. ಬೇರೆ ಯಾವ ವಾದ್ಯವನ್ನೂ ಮುಟ್ಟುವುದಿಲ್ಲ, ಕೇಳಿದರೂ ಮುಟ್ಟುವುದಿಲ್ಲ.

ಆ ದಿನದಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಪ್ರತಿ ಮಗುವಿಗೆ ಒಂದು ಕುರ್ಚಿ. ಆ ಕುರ್ಚಿಯ ವಾದ್ಯದಲ್ಲಿ ನೊಟೇಶನ್ ಓದಲು ಬರಬೇಕು, 12 ಮೇಜರ್ ಸ್ಕೇಲುಗಳೂ ಬರಬೇಕು. ಅದಾದ ಮೇಲೆ ಎರಡನೆಯ ವಾದ್ಯ. ಯಾರೋ ಬರಲಿಲ್ಲವೆಂದು ಒಂದು ಹಾಡು ಕಡಿಮೆಯಾದರೆ ಆಗಲಿ. ಹಾಗಾದರೆ ಆ ನಡುವೆ ಕಾಯುವ ಮಗುವಿನ ಕೈಗೆ ಏನು ಕೊಡುತ್ತೀರಿ ಎಂದು ಕೇಳಬಹುದು. ತಾಳ ಕೊಡುತ್ತೇನೆ, ಪ್ರಾಕ್ಟೀಸ್ ಪ್ಯಾಡ್ ಮೇಲೆ ಕೋಲು ಕೊಡುತ್ತೇನೆ. ಲಯವನ್ನು ನಾನು ಎರಡನೆಯ ವಾದ್ಯವೆಂದು ಎಣಿಸುವುದಿಲ್ಲ, ಅದು ಎಲ್ಲರಿಗೂ ಮೊದಲನೆಯದು. ನಮ್ಮ ಅಬ್ಬಾ ಉಳಿದದ್ದು ಅದರಿಂದಲೇ.

ಯಾವುದರ ಜೊತೆ ಯಾವುದು ಹೊಂದುತ್ತದೆ ಎಂದು ಪೋಷಕರು ಕೇಳುತ್ತಾರೆ. ಇದರಲ್ಲಿ ಸ್ವಲ್ಪ ವಿಜ್ಞಾನವಿದೆ, ಮಕ್ಕಳೇ, ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೂ ಇದೆ. ಕ್ಲಾರಿನೆಟ್ ಒಳಗೆ ಬಹುಮಟ್ಟಿಗೆ ಒಂದೇ ಅಗಲದ ಕೊಳವೆ, ಊದುವ ತುದಿ ಮುಚ್ಚಿದಂತೆ ವರ್ತಿಸುತ್ತದೆ. ಆದ್ದರಿಂದ ಮೇಲಿನ ಸ್ಥಾಯಿಗೆ ಹೋಗುವ ಕೀಲಿ ಒತ್ತಿದರೆ ಸ್ವರ ಎಂಟನೆಯದಕ್ಕೆ ಹೋಗುವುದಿಲ್ಲ, ಹನ್ನೆರಡನೆಯದಕ್ಕೆ ಜಿಗಿಯುತ್ತದೆ. ಕೆಳಗೆ ಒಂದು ಬೆರಳಿನ ಲೆಕ್ಕ, ಮೇಲೆ ಇನ್ನೊಂದು. ಸ್ಯಾಕ್ಸೋಫೋನ್ ಶಂಕುವಿನಂತೆ ಅಗಲವಾಗುತ್ತಾ ಹೋಗುವ ಕೊಳವೆ, ಅಲ್ಲಿ ಜಿಗಿತ ಸರಿಯಾಗಿ ಒಂದು ಸ್ಥಾಯಿ. ಪಾಶ್ಚಾತ್ಯ ಕೊಳಲೂ ಹಾಗೆಯೇ, ಬೆರಳುಗಳ ಜಾಗವೂ ಬಹುಪಾಲು ಒಂದೇ. ಹೀಗಾಗಿ ಕ್ಲಾರಿನೆಟ್ ಮೊದಲು ಕಲಿತವನಿಗೆ ಸ್ಯಾಕ್ಸೋಫೋನ್ ಬೇಗ ಒಲಿಯುತ್ತದೆ. ಸ್ಯಾಕ್ಸೋಫೋನಿನಿಂದ ಕ್ಲಾರಿನೆಟ್ಟಿಗೆ ಬರುವವನು ಬೆವರುತ್ತಾನೆ. ಟ್ರಂಪೆಟ್ಟಿಗೂ ಯುಫೋನಿಯಮ್ಮಿಗೂ ಮೂರು ವಾಲ್ವುಗಳ ಲೆಕ್ಕ ಒಂದೇ, ತುಟಿಯ ಬಟ್ಟಲು ಮಾತ್ರ ದೊಡ್ಡದು. ಆದರೆ ಟ್ರಂಪೆಟ್ಟನ್ನೂ ಕ್ಲಾರಿನೆಟ್ಟನ್ನೂ ಒಂದೇ ಸಂಜೆ ನುಡಿಸಬೇಡಿ. ಒಂದರಲ್ಲಿ ತುಟಿಯೇ ನಡುಗಿ ಸ್ವರವಾಗಬೇಕು, ಇನ್ನೊಂದರಲ್ಲಿ ತುಟಿ ಕದಲದೆ ರೀಡು ನಡುಗಬೇಕು. ಎಳೆಯ ಬಾಯಿಗೆ ಎರಡೂ ಗೊಂದಲ.

ಇನ್ನೊಂದು ತೊಡಕು ಶ್ರುತಿಯದು. ಕೀಬೋರ್ಡಿನಲ್ಲಿ ಬಿ ಫ್ಲ್ಯಾಟ್ ಎಂಬ ಸ್ವರ ಬೇಕಾದಾಗ ಕ್ಲಾರಿನೆಟ್ ಮತ್ತು ಟ್ರಂಪೆಟ್ ತಮ್ಮ ಹಾಳೆಯಲ್ಲಿ ಸಿ ಎಂದು ಓದುತ್ತವೆ, ಆಲ್ಟೋ ಸ್ಯಾಕ್ಸೋಫೋನ್ ಜಿ ಎಂದು ಓದುತ್ತದೆ. ಒಂದು ವಾದ್ಯದಿಂದ ಇನ್ನೊಂದಕ್ಕೆ ಬದಲಾಯಿಸುವ ಮಗು ಹಾಡಿನ ನಡುವೆ ಈ ಲೆಕ್ಕವನ್ನೂ ಬದಲಾಯಿಸಿಕೊಳ್ಳಬೇಕು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಮಾತಾಡುವ ಶ್ರೀರಾಂಪುರದ ಮಕ್ಕಳಿಗೆ ಇದು ಕಷ್ಟವಾಗಿದ್ದನ್ನು ನಾನು ನೋಡಿಲ್ಲ.

ಸಮಯದ ಮಾತು. ದಿನಕ್ಕೆ 45 ನಿಮಿಷ ಸಾಕು: 30 ನಿಮಿಷ ಕುರ್ಚಿಯ ವಾದ್ಯ, 15 ನಿಮಿಷ ಎರಡನೆಯದು. ಪರೀಕ್ಷೆಯ ತಿಂಗಳಲ್ಲಿ ಎರಡನೆಯದು ಪೆಟ್ಟಿಗೆಯಲ್ಲಿರಲಿ. ಮೌತ್‌ಪೀಸು ಹಂಚಿಕೊಳ್ಳುವಾಗ ಪ್ರತಿ ಸಲ ತೊಳೆಯಿರಿ. ರೀಡನ್ನು ಮಾತ್ರ ಯಾರೊಂದಿಗೂ ಹಂಚಿಕೊಳ್ಳಬೇಡಿ, ಅದು ಹಲ್ಲುಜ್ಜುವ ಬ್ರಷ್ ಇದ್ದಂತೆ. ವಾದ್ಯ ಕೊಳ್ಳಲು ಸಾಲ ಮಾಡಬೇಡಿ. ಮೀರತ್ತಿನ ಜಾಲಿ ಕೋಠಿಯಲ್ಲಿ ತಯಾರಾಗುವ ವಾದ್ಯಗಳು ಹೊರದೇಶದವಕ್ಕಿಂತ ಅಗ್ಗ, ನಮ್ಮ ಬ್ಯಾಂಡ್ ಸೆಟ್ಟುಗಳೆಲ್ಲ ಬದುಕಿದ್ದು ಅವುಗಳ ಮೇಲೆಯೇ. ಕಲಿಯುವವನಿಗೆ ಸಾಕು.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದರೆ, ಎಲ್ಲರಿಗೂ ತುಂಬುವುದಿಲ್ಲ ಎಂದೇ ಹೇಳುತ್ತೇನೆ. ಸೇನೆಯಲ್ಲಿ ಬ್ಯಾಂಡುಗಳಿವೆ, ಅವರ ತರಬೇತಿಗೆ ಪಚಮಢಿಯಲ್ಲಿರುವ ಮಿಲಿಟರಿ ಸಂಗೀತ ವಿಭಾಗ 1950ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರ ಕಾಲದಲ್ಲಿ ಶುರುವಾದದ್ದು. ಪೊಲೀಸ್ ಬ್ಯಾಂಡ್ ಇದೆ, ಮೈಸೂರು ದಸರೆಯಲ್ಲಿ ಕೇಳಿರುತ್ತೀರಿ. ಶಾಲೆಗಳಿಗೆ ಬ್ಯಾಂಡ್ ಶಿಕ್ಷಕರು ಬೇಕು. ಎಲ್ಲ ಕಡೆಯೂ ಮೊದಲು ಕೇಳುವುದು ನಿನ್ನ ವಾದ್ಯ ಯಾವುದು ಎಂದು, ಆಮೇಲೆ ಇನ್ನೇನು ಬರುತ್ತದೆ ಎಂದು. ಎರಡೂ ಪ್ರಶ್ನೆ ಕೇಳುತ್ತಾರೆ, ಅದೇ ಕ್ರಮದಲ್ಲಿ ಕೇಳುತ್ತಾರೆ.

ಆ ತಾಯಿಗೆ ನಾನು ಮತ್ತೊಮ್ಮೆ ಹೋಗಿ ಹೇಳಿದೆ: "ಅಮ್ಮಾ, ನಿಮ್ಮ ಮಗ ಸ್ಯಾಕ್ಸೋಫೋನ್ ಕೇಳಿದ್ದು ತಪ್ಪಲ್ಲ. ಆದರೆ ಕ್ಲಾರಿನೆಟ್ಟಿನಲ್ಲಿ 12 ಸ್ಕೇಲು ಮುಗಿಸುವವರೆಗೆ ಅದು ಶನಿವಾರ ಮಾತ್ರ, ಅದೂ ಅರ್ಧ ಗಂಟೆ." ಹುಡುಗ ಮುಖ ಊದಿಸಿಕೊಂಡ. ಅವನಿಗೆ ಕೊಟ್ಟಿರುವುದು ನಮ್ಮ ಅಬ್ಬಾ ಅವರ ಕ್ಲಾರಿನೆಟ್, ಅದು ಅವನಿಗೆ ಗೊತ್ತಿಲ್ಲ. ಈ ಸಂಚಿಕೆ ಓದಿದರೆ ಗೊತ್ತಾಗುತ್ತದೆ. ಇವತ್ತಿಗೆ ಏಳು ಸ್ಕೇಲು ಮುಗಿಸಿದ್ದಾನೆ. ಎಂಟನೆಯದರಲ್ಲಿ ಕಿರುಬೆರಳು ಎಡವುತ್ತಿದೆ.

ಕೊನೆಗೆ ಒಂದು ಕೋರಿಕೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ತಾತನದೋ ಚಾಚಾನದೋ ಹಳೆಯ ವಾದ್ಯ ಬಿದ್ದಿದ್ದರೆ ತಂದುಕೊಡಿ. ಪ್ಯಾಡು ಹರಿದಿದ್ದರೂ, ಕೀಲಿ ಮುರಿದಿದ್ದರೂ ಪರವಾಗಿಲ್ಲ, ರಿಪೇರಿ ನಾನು ಮಾಡಿಸುತ್ತೇನೆ. ಟೆನರ್ ಸ್ಯಾಕ್ಸೋಫೋನಿಗೆ ಒಬ್ಬಳು ಹುಡುಗಿ ಹೋದ ಜೂನ್ ತಿಂಗಳಿಂದ ಕಾಯುತ್ತಿದ್ದಾಳೆ. ಅವಳ 12 ಸ್ಕೇಲು ಮುಗಿದಿವೆ.